ಯಾರ ಹಲ್ಲಿಗೆ ವಿಮೆ

ಹಲ್ಲಿಗೂ ವಿಮೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ನಮ್ಮ ಮನೆಯ ರೊಟ್ಟಿಯಿಂದ. ಕಡ್ಡಿರಾಂಪುರದಲ್ಲಿ, ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಗೆ ಮುಖ ಮಾಡಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಮುಂದೆ ನಾಲ್ಕು ಮೇಜು, ಹಿಂದೆ ಅಡುಗೆಮನೆ, ಅದರ ಹಿಂದೆ ನಾವಿರುವ ಮನೆ. ಪಲ್ಯ, ಸಾರು, ಚಟ್ನಿ ನನ್ನ ಕೆಲಸ; ರೊಟ್ಟಿ ನಮ್ಮ ಅತ್ತೆಯದು. ಒಂದು ಮಧ್ಯಾಹ್ನ ಪಕ್ಕದ ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದ ಪರದೇಶದ ಹೆಂಗಸೊಬ್ಬಳು ಊಟಕ್ಕೆ ಬಂದಳು. ಬಿಸಿ ರೊಟ್ಟಿ ಕೊಡುತ್ತೇನೆಂದರೂ ಕೇಳದೆ, ಪುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿಯೇ ಬೇಕೆಂದು ಬೆರಳು ಮಾಡಿ ತೋರಿಸಿದಳು. ಎರಡನೆಯ ತುತ್ತಿಗೆ ಕೆನ್ನೆ ಹಿಡಿದುಕೊಂಡು ಕುಳಿತುಬಿಟ್ಟಳು.

ಮುಗಿಯಿತು ಕಥೆ, ಇವಳು ಫೋನಿನಲ್ಲಿ ನಮ್ಮ ಖಾನಾವಳಿಯ ಮಾನ ತೆಗೆಯುತ್ತಾಳೆ ಎಂದುಕೊಂಡೆ. ಅವಳು ಬಾಯಿಂದ ಬೂದುಬಣ್ಣದ ಚೂರೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟು ನಕ್ಕಳು. ಹಿಂದೆಂದೋ ಹುಳುಕು ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಅದಂತೆ. ತಲೆ ಕೆಡಿಸಿಕೊಳ್ಳಬೇಡ, ನನ್ನ ಹಲ್ಲಿಗೆ ಬೇರೆಯೇ ಇನ್ಶೂರೆನ್ಸ್ ಇದೆ ಎಂದಳು. ನನ್ನ ಇಂಗ್ಲಿಷು ಊಟದ ಮೇಜಿನಾಚೆ ಹೋಗುವುದಿಲ್ಲ. ತಪ್ಪು ಕೇಳಿಸಿಕೊಂಡೆನೇನೋ ಎಂದು ನನ್ನ ಹಲ್ಲು ತೋರಿಸಿ ಮತ್ತೆ ಕೇಳಿದೆ. ಹೌದು, ಹಲ್ಲಿಗೇ. ಅವರ ಊರಿನಲ್ಲಿ ಮೈಗೆ ಒಂದು, ಹಲ್ಲಿಗೆ ಇನ್ನೊಂದು.

ಅವಳು ಉಳಿದ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ತಿಂದು, ಕೈ ಬೀಸಿ ಹೋದಳು. ನನ್ನ ತಲೆಯಲ್ಲಿ ಮಾತ್ರ ಹುಳ ಬಿಟ್ಟು ಹೋದಳು. ನನ್ನ ಸ್ವಭಾವವೇ ಹಾಗೆ. ಒಂದು ವಿಷಯ ಯಾಕೆ ಹೀಗೆ ಎಂದು ತಲೆಗೆ ಹೊಕ್ಕರೆ ಸಾರಿಗೆ ಉಪ್ಪು ಹಾಕಿದ್ದೂ ನೆನಪಿರುವುದಿಲ್ಲ. ಕಣ್ಣು ಮೈಗೆ ಸೇರಿದ್ದು, ಕಿವಿ ಮೈಗೆ ಸೇರಿದ್ದು, ಕಿರುಬೆರಳಿನ ಉಗುರು ಕೂಡ ಮೈಗೆ ಸೇರಿದ್ದು. ಹಲ್ಲು ಯಾವಾಗ ಮೈಯಿಂದ ಬೇರೆ ಹಿಸೆ ತೆಗೆದುಕೊಂಡಿತು? ಯಾರು ಪಾಲು ಮಾಡಿಕೊಟ್ಟರು? ಪಾತ್ರೆ ತೊಳೆಯುತ್ತ ಅತ್ತೆಯನ್ನೇ ಕೇಳಿದೆ. ಅವರು ಒಲೆಯ ಮುಂದಿನಿಂದ ಏಳದೆ, ಹುಟ್ಟಿದ ಕೂಸಿನ ಬಾಯಲ್ಲಿ ಹಲ್ಲಿರುವುದಿಲ್ಲ, ನಡುವೆ ಬಂದದ್ದು ನಡುವೆಯೇ ಹೋಗುತ್ತದೆ, ಅದನ್ನು ಮೈಯೆಂದು ಯಾರು ಹೇಳುತ್ತಾರೆ ಎಂದರು. ಹೇಳುವಾಗ ಅವರ ಮಾತು ಸ್ವಲ್ಪ ತೊದಲಿತು. ಬಾಯಲ್ಲಿ ಲವಂಗ ಇದ್ದಿರಬೇಕು ಎಂದುಕೊಂಡು ಸುಮ್ಮನಾದೆ. ಲವಂಗ ಯಾಕೆ ಇತ್ತು ಎಂದು ಕೇಳುವುದು, ಇಷ್ಟೆಲ್ಲ ಕೇಳುವ ನನಗೆ, ಆಗ ಹೊಳೆಯಲಿಲ್ಲ.

ನಮ್ಮ ಯಜಮಾನರು ಸಂಡೂರಿನ ಕಡೆಯ ಗಣಿಯೊಂದರಲ್ಲಿ ಲೋಡರ್ ಓಡಿಸುತ್ತಾರೆ. ವಾರವೆಲ್ಲ ಅಲ್ಲೇ, ಭಾನುವಾರ ಮನೆಗೆ. ಬಂದ ಕೂಡಲೇ ಹುಬ್ಬಿನ ತನಕ ಕೂತ ಕೆಂಪು ಧೂಳನ್ನು ತೊಳೆದುಕೊಳ್ಳಲು ಎರಡು ಕೊಡ ನೀರು ಬೇಕು. ಅವರ ಕಂಪನಿ ನಮ್ಮ ಮನೆಯವರಿಗೆಲ್ಲ ಸೇರಿ ಒಂದು ಆರೋಗ್ಯ ವಿಮೆಯ ಕಾರ್ಡು ಕೊಟ್ಟಿದೆ. ಅದರಲ್ಲಿ ಹಲ್ಲು ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಕೂದಲಿಗೂ ವಿಮೆ ಬರುತ್ತದೆಯೇ ಎಂದು ನಾನು ಕೇಳಿದ್ದೇನೆಂದು ಯಾರಾದರೂ ತಿಳಿಯಬೇಕು. ಆದರೂ ಪಾಪ, ಮಾರನೆಯ ದಿನ ಅಲ್ಲಿನ ಆಫೀಸಿನಲ್ಲಿ ಕೇಳಿ ಫೋನ್ ಮಾಡಿದರು. ಅಪಘಾತದಲ್ಲಿ ಮುರಿದರೆ ಮಾತ್ರ ಬರುತ್ತದಂತೆ; ತಾನಾಗಿ ಹುಳುಕಾದರೆ ಇಲ್ಲ. ಬೇಕಿದ್ದರೆ ಹಲ್ಲಿನದು ಬೇರೆಯಾಗಿ ಸೇರಿಸಿಕೊಳ್ಳಬಹುದು, ತಲೆಗೊಂದರಂತೆ ಕಟ್ಟಬೇಕು, ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕು. ಎಲ್ಲರಿಗೂ ಮಾಡಿಸುವಷ್ಟು ನಮ್ಮ ಕೈ ಉದ್ದವಿಲ್ಲ. ಒಬ್ಬರಿಗೆ ಮಾಡಿಸಿ ನೋಡೋಣ ಎಂದಾಯಿತು.

ಆ ಒಬ್ಬರು ಯಾರು? ನನ್ನ ಲೆಕ್ಕದಲ್ಲಿ ನಮ್ಮ ಯಜಮಾನರೇ. ಅವರ ಹಲ್ಲಿನ ಕೆಂಪು ಅದಿರಿನದೋ ಎಲೆ ಅಡಿಕೆಯದೋ ಅವರಿಗೇ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಅವರ ಅವ್ವ, ಯಾಕೆಂದರೆ ವಯಸ್ಸಾದವರು. ಅತ್ತೆಯ ಲೆಕ್ಕದಲ್ಲಿ ಯಾರೂ ಅಲ್ಲ. ಬಿದ್ದ ಹಲ್ಲನ್ನು ಮಾಳಿಗೆಯ ಮೇಲೆ ಎಸೆದರೆ ಸಾಕು, ಅದರ ಹಿಂದೆ ದುಡ್ಡನ್ನೂ ಎಸೆಯುವ ಹುಚ್ಚು ನಮಗೆ ಯಾಕೆ ಎಂಬುದು ಅವರ ವಾದ.

ಆ ವಾರದಿಂದ ನನಗೆ ಕಂಡವರ ಬಾಯಿ ನೋಡುವ ಚಟ ಹತ್ತಿತು. ಈ ಹಲ್ಲಿನ ವಿಮೆ ತಕ್ಕುದೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಜನರ ಹಲ್ಲು ಹೇಗೆ ಹೋಗುತ್ತವೆ ಎಂದು ಮೊದಲು ತಿಳಿಯಬೇಡವೇ? ಖಾನಾವಳಿ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ದರೋಜಿಗೆ ಕರಡಿ ನೋಡಲು ಹೋಗಿ ಹಸಿದು ಬಂದವರು, ಹಂಪಿಯ ಕಲ್ಲು ಹತ್ತಿಳಿದು ಸುಸ್ತಾದವರು, ಎಲ್ಲರೂ ನನ್ನ ಮುಂದೆ ಬಾಯಿ ತೆರೆಯುತ್ತಾರೆ. ಎಷ್ಟು ಜನ ಒಂದೇ ಕಡೆಯಿಂದ ಅಗಿಯುತ್ತಾರೆ ಎಂದು ನಾನು ಅಲ್ಲಿಯ ತನಕ ಗಮನಿಸಿಯೇ ಇರಲಿಲ್ಲ. ದೊಡ್ಡ ಕಾರಿನಲ್ಲಿ ಬಂದವರೂ ಅಷ್ಟೇ, ಟೆಂಪೋದಲ್ಲಿ ಬಂದವರೂ ಅಷ್ಟೇ. ಒಮ್ಮೆ ಕಂಪ್ಲಿಯ ಬಸ್ಸಿನಲ್ಲಿ ಅಜ್ಜನೊಬ್ಬ ಕಬ್ಬು ಸಿಗಿಯುತ್ತ ಕೂತಿದ್ದ. ನಿಮ್ಮ ಹಲ್ಲು ಇಷ್ಟು ಗಟ್ಟಿ ಹೇಗೆ ಎಂದು ಕೇಳಿಯೇಬಿಟ್ಟೆ. ಆತ ಬಾಯಿ ಅಗಲಿಸಿ ತೋರಿಸಿದ. ಇದ್ದದ್ದು ಎಡಗಡೆಯವು ಮಾತ್ರ. ಅದಕ್ಕೇ ಯಾವಾಗಲೂ ಎಡಗಡೆಯ ಕಿಟಕಿಗೇ ಕೂರುತ್ತೇನೆ, ಸಿಪ್ಪೆ ಉಗುಳಲು ಅನುಕೂಲ ಎಂದ. ಬಸ್ಸಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ, ಆತನೂ ನಕ್ಕ.

ಹೀಗೆ ಊರವರ ಬಾಯಿಯೆಲ್ಲ ನೋಡಿದವಳು ಮನೆಯಲ್ಲಿದ್ದ ಬಾಯಿಯನ್ನು ನೋಡಲಿಲ್ಲ. ಅದನ್ನು ಹೇಳುವ ಮೊದಲು ಅತ್ತೆಯ ರೊಟ್ಟಿಯ ವಿಚಾರ ಹೇಳಬೇಕು.

ಬಿಸಿ ರೊಟ್ಟಿ ಯಾರು ಬೇಕಾದರೂ ಮಾಡಬಹುದು. ಖಡಕ್ ರೊಟ್ಟಿ ಹಾಗಲ್ಲ. ಬಡಿದು, ಹಂಚಿನ ಮೇಲೆ ಬೇಯಿಸಿದ ಮೇಲೆ ಅದನ್ನು ಕೆಂಡದ ಒಲೆಯ ಸುತ್ತ ಒರಗಿಸಿ ನಿಲ್ಲಿಸಿ ನೀರಿನ ಪಸೆಯೆಲ್ಲ ಹೋಗುವಂತೆ ಒಣಗಿಸಬೇಕು. ಪೂರ್ತಿ ಒಣಗಿದರೆ ತಿಂಗಳಾದರೂ ಏನೂ ಆಗುವುದಿಲ್ಲ. ನಡುವೆ ಒಂದಿಷ್ಟು ಪಸೆ ಉಳಿದರೂ ಕೆಲವೇ ದಿನದಲ್ಲಿ ನಾರಾಗಿ, ಆಮೇಲೆ ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕೈಯಲ್ಲಿ ಮುರಿದರೂ ಎರಡೂ ಪಟ್ಟೆನ್ನುತ್ತವೆ, ಏಕೆಂದರೆ ಅಂಚು ಮೊದಲು ಒಣಗಿರುತ್ತದೆ. ಗೊತ್ತಾಗುವುದು ದವಡೆ ಹಲ್ಲಿಗೆ ಮಾತ್ರ. ಗಿರಾಕಿಗಳ ರೊಟ್ಟಿಯನ್ನು ಎಂಜಲು ಮಾಡುವಂತಿಲ್ಲವಲ್ಲ, ಅದಕ್ಕೆ ಅತ್ತೆ ಒಮ್ಮೆಗೆ ಒಣಗಿಸುವ ಒಂದೊಂದು ಒಬ್ಬೆಗೂ ಕೊನೆಯಲ್ಲಿ ಅಂಗೈಯಗಲದ ಒಂದು ಮರಿ ರೊಟ್ಟಿ ಮಾಡುತ್ತಿದ್ದರು. ಅದೂ ಉಳಿದವುಗಳಷ್ಟೇ ದಪ್ಪ, ಅವುಗಳ ಜೊತೆಗೇ ಒಣಗಬೇಕು. ಕೊನೆಗೆ ಅದರ ನಡುಭಾಗವನ್ನು ದವಡೆಗಿಟ್ಟು ಕಣ್ಣು ಮುಚ್ಚಿ ಕಡಿಯುವರು. ಸದ್ದು ತಲೆಯೊಳಗೆ ಸರಿಯಾಗಿ ಬಿದ್ದರೆ ಒಬ್ಬೆಯೆಲ್ಲ ಪುಟ್ಟಿಗೆ. ಇಲ್ಲದಿದ್ದರೆ ಇನ್ನಷ್ಟು ಹೊತ್ತು ಒಲೆಗೆ. ಮಿಕ್ಕ ಚೂರು ಕೋಳಿಗೆ.

ಅತ್ತೆಯ ತವರು ಮೆಟ್ರಿಯಲ್ಲಿ ಅವರ ಅವ್ವನೂ ಹಾಗೆಯೇ ಮಾಡುತ್ತಿದ್ದಳಂತೆ. ನಮ್ಮ ರೊಟ್ಟಿಯನ್ನು ಸಂಡೂರು, ಕಂಪ್ಲಿ, ಹೊಸಪೇಟೆಯ ಮನೆಗಳಿಗೆ ಒಯ್ಯುವವರಿದ್ದಾರೆ. ಗೃಹಪ್ರವೇಶ, ಸೀಮಂತ, ಏನಿದ್ದರೂ ಮೊದಲೇ ಹೇಳಿಡುತ್ತಾರೆ. ಅವರು ಬರುವುದು ನನ್ನ ಎಣ್ಣೆಗಾಯಿಗಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಹೊಟ್ಟೆಕಿಚ್ಚಾಗುತ್ತಿತ್ತೇ ಎಂದರೆ, ಆಗುತ್ತಿತ್ತು. ಆದರೆ ಆ ಮರಿ ರೊಟ್ಟಿ ಕಡಿಯುವಾಗ ಅತ್ತೆಯ ಮುಖ ನೋಡುವುದು ನನಗೆ ಬಹಳ ಇಷ್ಟವೂ ಆಗಿತ್ತು.

ನಮ್ಮ ರೊಟ್ಟಿ ಒಯ್ದಿದ್ದ ಕಂಪ್ಲಿಯ ಗೃಹಪ್ರವೇಶದ ಮನೆಯಿಂದ ಫೋನ್ ಬಂದಾಗ ನಾನೇ ಎತ್ತಿದೆ. ನಿಮ್ಮ ರೊಟ್ಟಿ ಚಪ್ಪಲಿಯ ಹಾಗೆ ಬಗ್ಗುತ್ತವೆ, ಅಡಿಯಲ್ಲಿದ್ದವು ಬೂಷ್ಟು ಹಿಡಿದಿವೆ ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಆ ಹೆಣ್ಣುಮಗಳು ತಾನೇ ತಪ್ಪು ಮಾಡಿದವಳ ಹಾಗೆ ಸಂಕೋಚದಿಂದ ಹೇಳಿದಳು. ನಾನು ಮದುವೆಯಾಗಿ ಬಂದ ಮೇಲೆ ಇಂಥ ಮಾತು ಕೇಳಿದ್ದೇ ಇಲ್ಲ. ಅತ್ತೆಗೆ ಹೇಳಿದರೆ, ಮಳೆಗಾಲ, ಗಾಳಿಯಲ್ಲೇ ನೀರು ಎಂದು ಮುಖ ತಿರುಗಿಸಿದರು. ಮಳೆಗಾಲ ಹೋದ ವರ್ಷವೂ ಬಂದಿತ್ತು. ಮಾರನೆಯ ದಿನ ಅವರು ಒಬ್ಬೆ ಮುಗಿಸುವಾಗ, ಬದನೆಕಾಯಿ ಹೆಚ್ಚುವ ನೆಪದಲ್ಲಿ ಅಲ್ಲೇ ಕೂತೆ. ಮರಿ ರೊಟ್ಟಿ ತೆಗೆದುಕೊಂಡರು. ನನ್ನ ಕಡೆಗೊಮ್ಮೆ ನೋಡಿದರು. ಬಾಯಿಗೆ ಒಯ್ಯುವ ಬದಲು ಕಿವಿಯ ಹತ್ತಿರ ಹಿಡಿದು ಕೈಯಿಂದ ಪಟ್ಟನೆ ಮುರಿದು, ಒಬ್ಬೆಯನ್ನು ಪುಟ್ಟಿಗೆ ಹಾಕಲು ಹೊರಟರು.

ಬಾಯಿ ತೆಗೆಯಿರಿ ಎಂದೆ. ಒಲ್ಲೆನೆಂದರು. ಸೊಸೆ ಅತ್ತೆಗೆ ಹೇಳುವ ಮಾತಲ್ಲ ಅದು, ಆದರೆ ನನಗೆ ಭಯವಾಗಿತ್ತು. ಕೊನೆಗೆ ಅವರೇ ಒಲೆಯ ಕಡೆ ನೋಡುತ್ತ ಹೇಳಿದರು. ಬಲಗಡೆಯ ದವಡೆ ಹಲ್ಲುಗಳು ಎಂದೋ ಹೋಗಿವೆ. ಕಡಿಯುತ್ತಿದ್ದದ್ದು ಎಡಗಡೆಯ ಒಂದರಿಂದ. ಅದು ಯುಗಾದಿಯಿಂದ ನೋಯುತ್ತಿದೆ. ಬೆಳಿಗ್ಗೆ ಲವಂಗ, ಸಂಜೆ ಹೊಗೆಸೊಪ್ಪು ಒತ್ತಿಟ್ಟುಕೊಂಡು ದಿನ ದೂಡುತ್ತಿದ್ದರು. ಯಾರಿಗೂ ಹೇಳಲಿಲ್ಲ, ಏಕೆಂದರೆ ಹೇಳಿದರೆ ಕೀಳಿಸುತ್ತಾರೆ. ಕೀಳಿಸಿದರೆ ಒಲೆಯ ಮುಂದೆ ಕೂತು ತಾನು ಮಾಡುವುದೇನು? ಹಿಟ್ಟು ಬಡಿಯುವುದಕ್ಕೆ ಕೂಲಿಗೆ ಯಾರಾದರೂ ಸಿಗುತ್ತಾರೆ. ಅಷ್ಟನ್ನು ಅವರು ನೆಲ ನೋಡುತ್ತ ಹೇಳಿದಾಗ ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದರೆ ಮರೆಮಾಚಬಹುದಿತ್ತು, ಬದನೆಕಾಯಿಗೆ ಯಾರೂ ಅಳುವುದಿಲ್ಲ.

ಈಗ ವಿಮೆಯ ಪ್ರಶ್ನೆ ಬೇರೆಯಾಯಿತು. ಯಾರ ಹೆಸರು ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಭಾನುವಾರ ನಮ್ಮವರು ಬಂದಾಗ ಸಂಡೂರಿನ ಆಫೀಸಿನ ಗುಮಾಸ್ತರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆವು. ನಾನು ಒಂದರ ಹಿಂದೊಂದು ಪ್ರಶ್ನೆ ಕೇಳಿದೆ. ಹಲ್ಲು ಯಾಕೆ ಬೇರೆ ಎಂದೂ ಕೇಳಿದೆ. ಮೈ ಯಾವಾಗ ಕೆಡುತ್ತದೆಂದು ಯಾರಿಗೂ ಗೊತ್ತಿಲ್ಲ, ಹಲ್ಲು ಕೆಡುವುದು ಎಲ್ಲರಿಗೂ ಗೊತ್ತು, ಗೊತ್ತಿರುವುದಕ್ಕೆ ಯಾರು ವಿಮೆ ಕೊಡುತ್ತಾರೆ ಎಂದು ಅವರು ನಕ್ಕರು. ನನಗೆ ಆ ಉತ್ತರ ಬಹಳ ಹಿಡಿಸಿತು. ಆದರೆ ಆಮೇಲೆ ಹೇಳಿದ್ದು ಹಿಡಿಸಲಿಲ್ಲ. ಸೇರಿದ ಮೇಲೆ ಮೊದಲ ಕೆಲವು ತಿಂಗಳು ಏನೂ ಕೊಡುವುದಿಲ್ಲ. ಸೇರುವ ಮೊದಲೇ ಇದ್ದ ತೊಂದರೆ ಲೆಕ್ಕಕ್ಕೆ ಇಲ್ಲ. ಮೊದಲೇ ಇತ್ತೆಂದು ಹೇಗೆ ತಿಳಿಯುತ್ತದೆ ಎಂದು ನಮ್ಮವರು ಕೇಳಿದರು. ಡಾಕ್ಟರು ನೋಡಿ ಬರೆದಿದ್ದರೆ ತಿಳಿಯುತ್ತದೆ ಎಂದರು ಗುಮಾಸ್ತರು.

ಅವರು ಅದನ್ನು ಹೇಳಬಾರದಿತ್ತು. ಫೋನ್ ಇಟ್ಟ ಮೇಲೆ ಅತ್ತೆಯ ಕಣ್ಣಿನಲ್ಲಿ ಒಂದು ಹೊಳಪು ಬಂತು. ಅಲ್ಲಿಯ ತನಕ ಹಲ್ಲಿನ ವಿಮೆಯೆಂದರೆ ಮೂಗು ಮುರಿಯುತ್ತಿದ್ದವರು ಈಗ ಎಲ್ಲರಿಗಿಂತ ಮುಂದಾದರು.

"ಹಂಗಾದ್ರ ಡಾಕ್ಟರ್ ಕಣ್ಣಿಗೆ ಬೀಳದಂಗ ಇರ್‍ತೀನಿ. ನನ್ನ ಹೆಸರು ಬರಸು. ಅವರು ಹೇಳಿದಷ್ಟು ತಿಂಗಳ ತಡಕೊಂಡು, ಆಮ್ಯಾಲೆ ಹೋಗಿ ಬಾಯಿ ತೆಗೀತೀನಿ. ಯುಗಾದಿಯಿಂದ ತಡಕೊಂಡಾಕಿಗೆ ಇದೇನ್ ಭಾಳ ಆತಲ್ಲ."

ಅದು ಮೋಸ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಅವರಿಗೆ ಅದು ಹಾಗೆ ಕಾಣುತ್ತಿರಲಿಲ್ಲ. ಅವರ ಕಣ್ಣಿಗೆ ಅದು ಇನ್ನೂ ಹಸಿ ಇರುವ ರೊಟ್ಟಿಯನ್ನು ಒಲೆಗೆ ಒರಗಿಸಿ ಕಾಯುವ ಹಾಗೆ, ತಾಳ್ಮೆಯ ಕೆಲಸ. ನಾನು ಹೇಳಿದ್ದು ಬೇರೆ. ಅಷ್ಟು ತಿಂಗಳು ಹಲ್ಲು ಸುಮ್ಮನಿರುತ್ತದೆಯೇ ಎಂದು ಹಲ್ಲನ್ನು ಯಾರು ಕೇಳಿದ್ದಾರೆ ಎಂದೆ. ನಮ್ಮವರು ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲದ ಹಾಗೆ ತಲೆ ತುರಿಸಿಕೊಂಡರು. ಅವ್ವನ ಮಾತಿನಲ್ಲೂ ಅರ್ಥವಿದೆ ಎಂದು ಹೇಳಿ, ನನ್ನ ಮುಖ ನೋಡಿ, ನಿನ್ನ ಮಾತಿನಲ್ಲೂ ಇದೆ ಎಂದು ಸೇರಿಸಿದರು. ಗಣಿಯಲ್ಲಿ ಅಷ್ಟು ದೊಡ್ಡ ಯಂತ್ರವನ್ನು ಬೇಕಾದ ಕಡೆ ತಿರುಗಿಸುವ ಮನುಷ್ಯ ಇವರೇ ಹೌದೋ ಅಲ್ಲವೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ. ಸೋಮವಾರ ನಸುಕಿಗೆ ಎದ್ದು ಸಂಡೂರಿನ ಬಸ್ಸು ಹತ್ತಿದರು.

ಹಲ್ಲು ಆ ವಾರವೇ ಉತ್ತರ ಕೊಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಅತ್ತೆಯ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಮೈ ಕಾದಿತ್ತು. ಆಗಲೂ ಬಾಯಿ ಬಿಗಿಹಿಡಿದು ಬೇಡವೆಂದು ತಲೆಯಾಡಿಸಿದರು. ನಾನು ಖಾನಾವಳಿಯ ಬಾಗಿಲು ಎಳೆದು, ಆಟೋ ನಿಲ್ಲಿಸಿ, ಅವರನ್ನು ಹತ್ತಿಸಿಕೊಂಡು ಹೊಸಪೇಟೆಗೆ ಹೋದೆ. ಅನಂತಶಯನಗುಡಿ ದಾಟುವ ತನಕ ಬೈಯುತ್ತಲೇ ಇದ್ದೆ. ಅವರು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಕೂತಿದ್ದರು. ಅವರು ತಿರುಗಿ ಬೈಯದಿದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಬೇರಿನ ತನಕ ಕೀವು ತುಂಬಿದೆ. ನೋವು ಶುರುವಾದಾಗಲೇ ಬಂದಿದ್ದರೆ ಒಳಗಿನದನ್ನು ತೆಗೆದು, ತುಂಬಿಸಿ, ಹಲ್ಲನ್ನು ಉಳಿಸಬಹುದಿತ್ತು, ಈಗ ಆಗುವುದಿಲ್ಲ ಎಂದರು. ಊತ ಇಳಿಯಲು ಗುಳಿಗೆ ಕೊಟ್ಟು, ಆಮೇಲೆ ಕೀಳಬೇಕೆಂದು ಹೇಳಿದರು. ನಾನು ಸುಮ್ಮನಿರಲಾರದೆ ಅಲ್ಲಿಯೂ ನನ್ನ ಪ್ರಶ್ನೆ ಕೇಳಿದೆ, ಹಲ್ಲು ಯಾಕೆ ಮೈಗೆ ಸೇರುವುದಿಲ್ಲ ಎಂದು. ನಮ್ಮ ಓದೂ ಬೇರೆ, ಕಾಲೇಜೂ ಬೇರೆ, ಯಾಕೆ ಬೇರೆಯಾಯಿತೆಂದು ನಾನೂ ಯೋಚಿಸಿಲ್ಲ ಎಂದು ಅವರು ನಕ್ಕರು. ಅತ್ತೆ ನನ್ನ ತೊಡೆ ಚಿವುಟಿ ಸುಮ್ಮನಾಗಿಸಿ, ತಮ್ಮದೊಂದು ಪ್ರಶ್ನೆ ಮುಂದಿಟ್ಟರು.

"ಹಾಕಿದ ಹಲ್ಲಿಲೆ ಕಡಿದ್ರ ಸದ್ದು ಮೊದಲಿನಂಗ ಕೇಳಸ್ತದೇನ್ರಿ?"

ಎಂಥ ಸದ್ದೆಂದು ಡಾಕ್ಟರಿಗೆ ತಿಳಿಯಲಿಲ್ಲ. ನಾನು ರೊಟ್ಟಿಯ ವಿಚಾರವೆಲ್ಲ ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು. ಆಮೇಲೆ ತಮ್ಮ ದವಡೆಯ ಮೇಲೆ ಬೆರಳಿಟ್ಟು ತೋರಿಸುತ್ತ ಹೇಳಿದರು. ಹಲ್ಲು ಮೂಳೆಯಲ್ಲಿ ನೆಟ್ಟಿರುತ್ತದೆ. ಕಡಿದಾಗ ಸದ್ದು ಮೂಳೆಯಲ್ಲೇ ನಡೆದು ಕಿವಿಗೆ ಹೋಗುತ್ತದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಸಡಿನ ಮೇಲೆ ಕೂರುತ್ತದೆ, ಆದ್ದರಿಂದ ಸದ್ದು ಮಂದವಾಗುತ್ತದೆ. ಅದೂ ಅಲ್ಲದೆ ಅದರಲ್ಲಿ ಖಡಕ್ ರೊಟ್ಟಿ ಕಡಿಯುವ ಆಸೆಯನ್ನು ಬಿಟ್ಟುಬಿಡಿ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಅತ್ತೆ ಹೂಂ ಎಂದರು. ಊತ ಇಳಿದ ಮೇಲೆ ಮತ್ತೆ ಕರೆದುಕೊಂಡು ಹೋದಾಗಲೂ, ಹಲ್ಲು ಕಿತ್ತಾಗಲೂ, ಹೂಂ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಕಿತ್ತ ಹಲ್ಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದು, ಮನೆ ಮುಟ್ಟಿದ ಕೂಡಲೇ ಅಂಗಳದಲ್ಲಿ ನಿಂತು ಮಾಳಿಗೆಯ ಮೇಲೆ ಎಸೆದರು. ಮಕ್ಕಳ ಹಾಲುಹಲ್ಲನ್ನು ಹಾಗೆ ಎಸೆಯುವುದು ಹೊಸ ಹಲ್ಲು ಬರಲೆಂದು. ಇವರು ಯಾಕೆ ಎಸೆದರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಾರನೆಯ ದಿನ ಅವರು ಒಲೆಯ ಮುಂದೆ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ಅಡುಗೆಮನೆಯ ಹೊಸ್ತಿಲ ಹೊರಗೆ, ನಮಗೆ ಬೆನ್ನು ಮಾಡಿ, ಶೇಂಗಾ ಬಿಡಿಸುತ್ತ ಕೂತರು. ಬಿಸಿ ರೊಟ್ಟಿಯನ್ನು ನಾನೇ ಬಡಿದು ಗಿರಾಕಿಗಳಿಗೆ ಹಾಕಿದೆ. ಅಷ್ಟರಲ್ಲಿ ಸಂಡೂರಿನ ಒಂದು ಮನೆಯಿಂದ ಸೀಮಂತಕ್ಕೆ ಖಡಕ್ ರೊಟ್ಟಿ ಬೇಕೆಂದು ಫೋನ್ ಬಂತು. ನಾನು ಅತ್ತೆಯನ್ನು ಕೇಳದೆ ಒಪ್ಪಿಕೊಂಡೆ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ಎಸರಿಟ್ಟು ಹಿಟ್ಟು ಕಲಸಿದೆ, ಬಡಿದೆ, ಬೇಯಿಸಿದೆ, ಒಲೆಯ ಸುತ್ತ ನಿಲ್ಲಿಸಿದೆ. ಮರಿ ರೊಟ್ಟಿಯನ್ನೂ ಮಾಡಿದೆ. ಹೊತ್ತಾದ ಮೇಲೆ ಅದನ್ನು ತೆಗೆದು, ಅತ್ತೆ ಮಾಡುವ ಹಾಗೆಯೇ ಕಣ್ಣು ಮುಚ್ಚಿ ಕಡಿದೆ. ಕರುಂ ಎಂದಿತು. ಕರುಂ ಎನ್ನದೆ ಇನ್ನೇನೆನ್ನುತ್ತದೆ? ಇದು ಒಣಗಿದ ಸದ್ದೋ ಹಸಿಯದೋ ಎಂದು ನನ್ನ ತಲೆಯೊಳಗೆ ಯಾರೂ ಹೇಳಲಿಲ್ಲ. ಇಷ್ಟು ವರ್ಷ ಅತ್ತೆಯ ಮುಖ ನೋಡಿದೆನೇ ಹೊರತು ನಾನೊಮ್ಮೆಯೂ ಕಡಿದು ನೋಡಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು ಇನ್ನೊಂದು ಚೂರು ಜೋರಾಗಿ ಕಡಿದೆ.

"ಇನ್ನೂ ಆಗಿಲ್ಲ ಅದು" ಎಂದರು ಅತ್ತೆ, ಬೆನ್ನು ತಿರುಗಿಸದೆಯೇ.

ಶೇಂಗಾದ ಮೊರ ಬದಿಗಿಟ್ಟು ಎದ್ದು ಬಂದರು. ಇನ್ನೊಮ್ಮೆ ಕಡಿಯಲು ಹೇಳಿದರು. ಕಡಿದೆ. ಹೊರಗಿನಿಂದ ಸರಿಯಾಗಿ ಕೇಳುವುದಿಲ್ಲ ಎಂದು ತಲೆ ಅಲ್ಲಾಡಿಸಿ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ, ಬೆರಳ ತುದಿಗಳನ್ನು ಕಿವಿಯ ಕೆಳಗಿನ ಮೂಳೆಗೆ ಊರಿದರು. ಹಿಟ್ಟಿನ ಕೈ ಅಲ್ಲ ಅದು, ಎರಡು ದಿನದಿಂದ ತೊಳೆದು ಒಣಗಿದ ಕೈ. ನಾನು ಈ ಮನೆಗೆ ಬಂದಾಗಿನಿಂದ ಅವರು ನನ್ನ ಕೆನ್ನೆ ಮುಟ್ಟಿದ್ದು ಅದೇ ಮೊದಲು. ಕಡಿ ಎಂದರು. ಕಡಿದೆ. ಅವರು ಕಣ್ಣು ಮುಚ್ಚಿಕೊಂಡರು. ಇನ್ನಷ್ಟು ಹೊತ್ತು ಬೇಕು ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಡಿದೆ. ಇನ್ನೂ ಬೇಕು. ಮೂರನೆಯ ಸಲ ಕಡಿದಾಗ ಅವರ ಮುಖದಲ್ಲಿ ನನಗೆ ಗುರುತಿದ್ದ ಆ ಕಳೆ ಬಂತು. ಪುಟ್ಟಿ ಎಳೆದುಕೊಂಡು ರೊಟ್ಟಿ ಪೇರಿಸತೊಡಗಿದರು.

ಎರಡನೆಯ ಒಬ್ಬೆಗೆ ಅವರೇ ಹಿಟ್ಟು ಬಡಿದರು. ಸಂಜೆಯ ಹೊತ್ತಿಗೆ ನನ್ನ ದವಡೆ ನೋವಿನಿಂದ ಪದ ಹೇಳುತ್ತಿತ್ತು, ಅವರ ಮಾತು ಮರಳಿತ್ತು. ಬೇಯಿಸಿದ್ದು ಹೆಚ್ಚಾಯಿತು, ಉರಿ ಕಡಿಮೆ ಮಾಡು, ಎಲ್ಲಾ ಹಲ್ಲಿನಿಂದ ಅಗಿಯಬೇಡ ಎಮ್ಮೆಯ ಹಾಗೆ, ಒಂದೇ ಹಲ್ಲಿನಿಂದ ಕಡಿ. ಬೈಗುಳ ಇಷ್ಟು ಹಿತವಾಗಿ ಕೇಳಿದ ದಿನ ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಆಗಲೇ ನಮ್ಮವರ ಫೋನ್ ಬಂತು. ನಾಳೆ ಕೊನೆಯ ದಿನ, ಹಲ್ಲಿನದಕ್ಕೆ ಯಾರ ಹೆಸರು ಬರೆಸಲಿ ಎಂದರು. ಅವ್ವನಿಗೆ ಉಳಿದಿರುವ ಹಲ್ಲಿಗಾದರೂ ಆಗುತ್ತದಲ್ಲ ಎಂದರು. ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನನ್ನದು ಬ್ಯಾಡಪ, ಆಕೀದು ಬರಸು. ನನ್ನವು ಹೋದ್ರ ಹೋಗ್ಲಿ. ಆಕೀವು ಹೋದ್ರ ನಾ ಏನ್ ಕೇಳ್ಲಿ?"

ಆ ಕಡೆ ನಮ್ಮವರಿಗೆ ಏನು ಅರ್ಥವಾಯಿತೋ, ಆಯಿತೆಂದು ಇಟ್ಟರು. ಅತ್ತೆಗೆ ಅದೊಂದೂ ಲಕ್ಷ್ಯವಿಲ್ಲ. ದುಡ್ಡು ಕಟ್ಟುವ ಮೊದಲು ಸಾಮಾನು ಹೇಗಿದೆ ನೋಡಬೇಕಲ್ಲ ಎಂಬಂತೆ ಫೋನಿನ ಬ್ಯಾಟರಿ ದೀಪ ಹಚ್ಚಿಸಿಕೊಂಡು, ನನ್ನ ಗದ್ದ ಹಿಡಿದು ಬಾಯಿ ತೆಗೆಸಿದರು. ಊರವರ ಬಾಯಿಯೆಲ್ಲ ನೋಡಿದ ನಾನು ನನ್ನ ಬಾಯಿಯೊಳಗೆ ಎಂದೂ ನೋಡಿರಲಿಲ್ಲ. ಅವರು ಬೆಳಕು ಆಡಿಸುತ್ತ ಬಹಳ ಹೊತ್ತು ನೋಡಿದರು. ಹಿಂದಿನ ಒಂದು ಹಲ್ಲಿನ ನಡುವೆ ಎಳ್ಳಿನಷ್ಟು ಕಪ್ಪು ಕಾಣುತ್ತದೆ ಎಂದರು. ನೋಯುತ್ತದೆಯೇ ಎಂದು ಕೇಳಿದರು. ಇಲ್ಲ, ತಣ್ಣೀರು ಕುಡಿದರೆ ಒಂಚೂರು ಜುಮ್ ಎನ್ನುತ್ತದೆ ಎಂದೆ.

ಬೆಳಿಗ್ಗೆಯೇ ಹೊಸಪೇಟೆಗೆ ಹೋಗು ಎಂದರು. ನಾನು ನಕ್ಕು, ಅವರದೇ ಲೆಕ್ಕವನ್ನು ಅವರಿಗೆ ಒಪ್ಪಿಸಿದೆ. ನಾಳೆ ಹೆಸರು ಬರೆಸುತ್ತಿದ್ದೇವೆ, ಅದೇ ಬೆಳಿಗ್ಗೆ ಡಾಕ್ಟರು ನೋಡಿ ಬರೆದುಬಿಟ್ಟರೆ ಇದು ಹಳೆಯದಾಗುತ್ತದೆ, ಇದಕ್ಕೆ ಏನೂ ಸಿಗುವುದಿಲ್ಲ, ಹೇಗೂ ನೋವಿಲ್ಲ, ಕೆಲವು ತಿಂಗಳು ತಡೆದುಕೊಂಡರೆ ಆಯಿತು ಎಂದೆ.

ಅತ್ತೆ ಬ್ಯಾಟರಿ ಆರಿಸಲಿಲ್ಲ. ನನ್ನ ಕೆನ್ನೆಯ ಮೇಲಿದ್ದ ಕೈಯನ್ನೂ ತೆಗೆಯಲಿಲ್ಲ.

"ಅವರು ಕೊಡದಿದ್ರ ಬ್ಯಾಡ ಬಿಡು. ನೀ ತಡಕೋಬ್ಯಾಡ."